ಕುಷ್ಟಗಿಯಿಂದ ಬಂದ ಹುಡುಗಿ, ತುಳು ಮಾತಾಡುವ ಕ್ಲಾಸು: ನಾಳೆ ಅವಳ ಮನೆಗೆ ಹೋಗಲಾ?

ಜಗಲಿ_ಟೀಚರ್ (ಶುಕ್ರವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ದಕ್ಷಿಣ ಕನ್ನಡದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆರು ಮತ್ತು ಏಳನೇ ಕ್ಲಾಸಿಗೆ ಗಣಿತ, ವಿಜ್ಞಾನ. ಸೇರಿ ಒಂಬತ್ತು ವರ್ಷ ಆಯ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ. ಪ್ರಶ್ನೆ ಕೊನೆಯಲ್ಲಿ ಉಂಟು.

ಈ ಸೋಮವಾರ ಏಳನೇ ಕ್ಲಾಸಿಗೆ ಹೊಸ ಹುಡುಗಿ ಬಂದಳು. ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕು. ನಮ್ಮ ಶಾಲೆಯಿಂದ ಒಂದು ಕಿಲೋಮೀಟರಿನೊಳಗೆ ದೊಡ್ಡ ಕಟ್ಟಡ ಏಳುತ್ತಿದೆ. ಅಪ್ಪ ಅಮ್ಮ ಇಬ್ಬರೂ ಅಲ್ಲಿ ಕೆಲಸಕ್ಕೆ. ಅಮ್ಮನೇ ಕೈ ಹಿಡಿದು ಕರೆದುಕೊಂಡು ಬಂದಿದ್ದರು. ಟಿಸಿ ಇಲ್ಲ, ಅಂಕಪಟ್ಟಿ ಇಲ್ಲ, ಒಂದು ಆಧಾರ್ ಜೆರಾಕ್ಸ್ ಮಾತ್ರ, ಅದೂ ಮಡಚಿ ಮಡಚಿ ನಾಲ್ಕು ತುಂಡಾಗುವ ಹಾಗೆ. "ಸಾಲಿ ಬಿಡಿಸಬಾರ್ದಂತ ಸಂಗಾಟ ಕರ್ಕೊಂಡ್ ಬಂದೀವ್ರಿ" ಅಂದರು. ನಮ್ಮ ಹೆಡ್ ಟೀಚರ್ ಆ ಒಂದು ಮಾತಿಗೇ ಸೇರಿಸಿಕೊಂಡರು.

ಕ್ಲಾಸಿನ ಬಗ್ಗೆ ಹೇಳಬೇಕು. ಮೊದಲು ಇದ್ದದ್ದು 19 ಮಕ್ಕಳು. ಹನ್ನೊಂದು ಜನರ ಮನೆಮಾತು ತುಳು, ಐದು ಜನರದ್ದು ಬ್ಯಾರಿ, ಇಬ್ಬರದ್ದು ಕೊಂಕಣಿ. ಒಬ್ಬ ಬಾಗಲಕೋಟೆ ಕಡೆಯವನು. ಅವನು ಒಂದನೇ ಕ್ಲಾಸಿನಿಂದ ಇಲ್ಲೇ ಇದ್ದಾನೆ, ತುಳು ನನಗಿಂತ ಚಂದ ಮಾತಾಡುತ್ತಾನೆ. ಅಂದರೆ ಈಗಿನ ಇಪ್ಪತ್ತು ಮಕ್ಕಳಲ್ಲಿ ಹುಟ್ಟಿದಾಗಿನಿಂದ ಕನ್ನಡ ಕೇಳಿ ಬೆಳೆದವರು ಇಬ್ಬರೇ. ಆ ಇಬ್ಬರಲ್ಲಿ ಒಬ್ಬಳು ಬಾಯಿ ಬಿಟ್ಟರೆ "ಇದೆಂತ ಕನ್ನಡ" ಅಂತ ಉಳಿದವರೆಲ್ಲ ನಗುತ್ತಾರೆ. ನಮ್ಮದು ಪಠ್ಯಪುಸ್ತಕದಿಂದ ಕಲಿತ ಕನ್ನಡ ಮಾರಾಯ್ರೆ. ನನ್ನದೂ ಅಷ್ಟೇ. ಜೋರು ನಗುವವನು ಯಾರು ಗೊತ್ತಾ? ಆ ಬಾಗಲಕೋಟೆಯವನೇ.

ಸೋಮವಾರ ಹಾಜರಿ ಕರೆದಾಗ ಅವಳು "ಬಂದೀನ್ರಿ ಅಕ್ಕೋರ್ರಿ" ಅಂದಳು. ನಮ್ಮಲ್ಲಿ ಎಲ್ಲರೂ "ಟೀಚರ್" ಅನ್ನುವುದು. ಕ್ಲಾಸು ಗೊಳ್ಳೆಂದಿತು. ಅಪ್ಪ ಎಂತ ಮಾಡುತ್ತಾರೆ ಅಂತ ಕೇಳಿದೆ. "ಗೌಂಡಿ ಅದಾನ್ರಿ" ಅಂದಳು. ಮುಂದಿನ ಬೆಂಚಿನವನು ತಿರುಗಿ "ಗೌಡ್ರಾ?" ಅಂದ. ಮತ್ತೆ ನಗು. ನಿಜ ಹೇಳಬೇಕೆಂದರೆ ನನಗೂ ಆ ಶಬ್ದ ಗೊತ್ತಿರಲಿಲ್ಲ. ಅವಳೇ ಕೈಯಲ್ಲಿ ಕರಣೆ ಆಡಿಸುವ ಹಾಗೆ ಮಾಡಿ ತೋರಿಸಿದಳು. ಓ, ಮೇಸ್ತ್ರಿ!

ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಮಕ್ಕಳು ಅಂಗಳದಲ್ಲಿ ಲಗೋರಿ ಆಡುತ್ತಿದ್ದರು. ಇವಳನ್ನೂ ಸೇರಿಸಿಕೊಂಡಿದ್ದರು, ನನಗೆ ಖುಷಿಯಾಯಿತು. ಕಲ್ಲು ಜೋಡಿಸುವ ಹೊತ್ತಿಗೆ ಇವಳ ಕಡೆಯ ಹುಡುಗಿ "ಬಲ! ಬಲ!" ಅಂತ ಕೂಗಿದಳು. ತುಳುವಿನಲ್ಲಿ ಬಲ ಅಂದರೆ ಬಾ. ಇವಳು ತಕ್ಷಣ ಬಲಗಡೆಗೆ ಓಡಿದಳು. ಅವರು ಇನ್ನೂ ಜೋರಾಗಿ "ಬಲ" ಅಂದರು, ಇವಳು ಇನ್ನೂ ಬಲಕ್ಕೆ ಓಡಿದಳು, ಕಾಂಪೌಂಡ್ ಗೋಡೆಯವರೆಗೆ. ಜಗಲಿಯಲ್ಲಿ ನಿಂತು ನೋಡುತ್ತಿದ್ದ ನಾನೂ ನಕ್ಕುಬಿಟ್ಟೆ. ಅವಳು ತಿರುಗಿ ನೋಡಿದಾಗ ನನ್ನ ಬಾಯಿ ಇನ್ನೂ ತೆರೆದೇ ಇತ್ತು.

ಮಂಗಳವಾರ ಪೂರ್ಣಾಂಕಗಳ ಪಾಠ. ಏಳನೇ ಕ್ಲಾಸಿನ ಮೊದಲ ಅಧ್ಯಾಯ ಅದು. 7 − (−5) ಎಷ್ಟು? ಪ್ರತಿ ವರ್ಷ ಇಲ್ಲಿ ಮಕ್ಕಳು ಸಿಕ್ಕಿಬೀಳುತ್ತಾರೆ. ನಾನೂ ಪ್ರತಿ ವರ್ಷ "ಮೈನಸ್ಸು ಮೈನಸ್ಸು ಸೇರಿದರೆ ಪ್ಲಸ್ಸು" ಅಂತ ಬಾಯಿಪಾಠ ಮಾಡಿಸಿ ದಾಟಿಬಿಡುತ್ತೇನೆ. ಯಾಕೆ ಅಂತ ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಪುಸ್ತಕ ತಿದ್ದುವಾಗ ಇವಳದ್ದು ಸರಿಯಾಗಿ 12 ಇತ್ತು. ಹೇಗೆ ಮಾಡಿದೆ ಅಂತ ಸುಮ್ನೆ ಕೇಳಿದೆ. ಮೇಜಿನ ಹತ್ತಿರ ಬಗ್ಗಿ, ನನಗೊಬ್ಬಳಿಗೇ ಕೇಳುವ ಹಾಗೆ ಹೇಳಿದಳು: "ಐದು ರೂಪಾಯಿ ಉದ್ರಿ ಇತ್ರಿ. ಅಂಗಡ್ಯಾವ ಅದನ್ನ ಹೊಡದ್ ಹಾಕಿದ. ಅಂದ್ರ ನಮಗ ಐದು ರೂಪಾಯಿ ಬಂದಂಗ ಆತಲ್ರಿ."

ಸಾಲ ಕಳೆದರೆ ಸೇರಿದ ಹಾಗೆ! ಒಂಬತ್ತು ವರ್ಷದಲ್ಲಿ ನನಗೆ ಇದು ಹೊಳೆದಿರಲಿಲ್ಲ. ಬಿ.ಎಡ್.ನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿಂದ ಮುಂದಿನದ್ದು ನನ್ನ ತಪ್ಪು. ಖುಷಿ ಜಾಸ್ತಿಯಾಗಿ ಬುಧವಾರ ಅವಳನ್ನು ಎದುರಿಗೆ ಕರೆದೆ. "ನಿನ್ನೆ ನನಗೆ ಹೇಳಿದ್ದನ್ನು ಎಲ್ಲರಿಗೂ ಹೇಳು, ನಿಮ್ಮ ಭಾಷೆಯಲ್ಲೇ ಹೇಳು" ಅಂದೆ. ಅವಳು ಕರಿಹಲಗೆಗೆ ಬೆನ್ನು ತಾಗಿಸಿ ನಿಂತಳು. "ಉದ್ರಿ" ಅಂದಳು, ನಕ್ಕರು. "ರೊಕ್ಕ" ಅಂದಳು, ಇನ್ನೂ ನಕ್ಕರು. ನಾನು ಗದರಿಸಿದೆ. ಮೂರು ವಾಕ್ಯ ಹೇಳುವಷ್ಟರಲ್ಲಿ ಅವಳ ಧ್ವನಿ ಇಂಗಿ ಹೋಗಿತ್ತು. ನಾನು "ಎಲ್ಲರೂ ಚಪ್ಪಾಳೆ ತಟ್ಟಿ" ಅಂದೆ. ತಟ್ಟಿದರು. ಅವಳು ತನ್ನ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದಳು. ಬಿಸಿಯೂಟದ ಸಾಲಿನಲ್ಲಿ ಬಾಗಲಕೋಟೆಯವನು ತಟ್ಟೆ ಹಿಡಿದು "ಅಕ್ಕೋರ್ರಿ, ಸಾರು ಉದ್ರಿ ಕೊಡ್ರಿ" ಅಂತ ಅಣಕಿಸಿದನಂತೆ.

ಗುರುವಾರ ರೆಡ್ ಅಲರ್ಟ್. ಬೆಳಿಗ್ಗೆ ಆರೂವರೆಗೆ ಡಿಸಿಯವರು ರಜೆ ಘೋಷಿಸಿದರು. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಎಲ್ಲರ ಹೆಬ್ಬೆಟ್ಟು ಬಂತು, ಮತ್ತೆ ಮುಸುಕು ಹಾಕಿ ಮಲಗಿದೆ. ಅವಳ ಮನೆಯವರು ಗ್ರೂಪಿನಲ್ಲಿಲ್ಲ. ಅಮ್ಮನ ಹತ್ತಿರ ಇರುವುದು ಬಟನ್ ಫೋನು. ಆ ಹುಡುಗಿ ಆ ಮಳೆಯಲ್ಲಿ ಒಬ್ಬಳೇ ಶಾಲೆಗೆ ಬಂದಿದ್ದಾಳೆ, ಕೊಡೆ ಕೂಡ ಇಲ್ಲದೆ. ಬೀಗ ಹಾಕಿದ ಬಾಗಿಲಿನ ಮುಂದೆ, ಜಗಲಿಯಲ್ಲಿ, ಹನ್ನೊಂದು ಗಂಟೆಯವರೆಗೆ ನಿಂತಿದ್ದಾಳೆ. ಶಾಲೆಯ ಎದುರು ಮನೆಯ ಅಜ್ಜಿ ಇವತ್ತು ಹೇಳಿದ್ದರಿಂದ ಗೊತ್ತಾಯಿತು. ಅಜ್ಜಿ ಕೂಗಿ ಕರೆದರಂತೆ. ತುಳುವಿನಲ್ಲಿ. "ಬಲ ಬಲ" ಅಂತ.

ಇವತ್ತು ಶುಕ್ರವಾರ, ಅವಳು ಬರಲಿಲ್ಲ.

ನಾಳೆ ಶನಿವಾರ, ಬೆಳಗ್ಗಿನ ಶಾಲೆ. ಮುಗಿದ ಮೇಲೆ ಅವಳ ಮನೆಗೆ ಹೋಗುವಾ ಅಂತಿದ್ದೇನೆ. ಹೋಗುವುದು ಸರಿಯಾ? ಹೋದರೆ ಎಂತ ಮಾತಾಡಲಿ? ಆ ಹುಡುಗನಿಗೆ ಬೈಯಲಾ ಬೇಡವಾ? ಇಂಥ ಮಕ್ಕಳನ್ನು ನೋಡಿದವರು, ಅಥವಾ ನೀವೇ ಹಾಗೆ ಬಂದವರಿದ್ದರೆ ದಯವಿಟ್ಟು ಹೇಳಿ.

ನಿವೃತ್ತ_ಹೆಡ್‌ಮಾಸ್ಟ್ರು (ಶುಕ್ರವಾರ, ರಾತ್ರಿ 10:15)

ಮೊದಲು ಕಾಗದದ ವಿಷಯ ಮುಗಿಸಿಬಿಡೋಣ ಮೇಡಂ, ಅದು ನನಗೆ ಬರುವ ವಿದ್ಯೆ. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ 5ನೇ ಸೆಕ್ಷನ್ ಇದೆ. ಟಿಸಿ ತಡವಾಯಿತು ಅಂತ ಮಗುವಿನ ದಾಖಲಾತಿ ತಡ ಮಾಡುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ನಿಮ್ಮ ಹೆಡ್ ಟೀಚರ್ ಮಾಡಿದ್ದು ದಯೆ ಅಲ್ಲ, ಕಾನೂನು. ಹಳೇ ಶಾಲೆಗೆ ಫೋನ್ ಮಾಡಿ ಎಸ್‌ಎಟಿಎಸ್ ನಂಬರ್, ಅಂದರೆ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿಗೆ ಇರುವ ನಂಬರ್, ತೆಗೆದುಕೊಳ್ಳಿ. ಆ ನಂಬರ್ ಇಲ್ಲಿಗೆ ಬರುವ ತನಕ ಪುಸ್ತಕ, ಸಮವಸ್ತ್ರ ಎಲ್ಲದಕ್ಕೂ ಅವಳ ಹೆಸರು ಅತ್ತಲೂ ಇಲ್ಲ ಇತ್ತಲೂ ಇಲ್ಲ ಅನ್ನುವ ಹಾಗಿರುತ್ತೆ.

ರಜೆ ವಿಷಯಕ್ಕೆ ಗ್ರೂಪನ್ನು ನಂಬಬೇಡಿ. ಬಟನ್ ಫೋನಿಗೆ ಒಂದು ಕರೆ ಮಾಡಲು ಅರ್ಧ ನಿಮಿಷ ಸಾಕು. ಇದನ್ನು ಬೈಗುಳ ಅಂತ ತಿಳಿಯಬೇಡಿ, ನಾನೂ ಇಂಥದ್ದು ಮಾಡಿದವನೇ.

ಮನೆಗೆ ಖಂಡಿತ ಹೋಗಿ. ಬರಿಗೈಯಲ್ಲಿ ಹೋಗಿ. ಹಣ್ಣು, ಬಿಸ್ಕೆಟ್ ಹಿಡಿದುಕೊಂಡು ಹೋದರೆ ಪಾಪ ಅವರು ನಿಮಗೆ ಚಹಾ ಮಾಡೋಕೆ ಹಾಲು ತರಲು ಓಡಬೇಕಾಗುತ್ತೆ.

ಮೈಸೂರಪ್ಪ (ಶುಕ್ರವಾರ, ರಾತ್ರಿ 10:50)

ಮೇಡಂ, ನೀವು ಜಾಸ್ತಿ ಯೋಚನೆ ಮಾಡ್ತಿದ್ದೀರಿ ಅನ್ಸುತ್ತೆ. ಮಕ್ಕಳು ನಗ್ತಾರೆ, ಎರಡು ವಾರಕ್ಕೆ ಮರೀತಾರೆ. ನನ್ನ ಮಗನಿಗೂ ಶಾಲೆ ಬದಲಾಯಿಸಿದಾಗ ಹೀಗೇ ಆಗಿತ್ತು, ಈಗ ಅವನೇ ಕ್ಲಾಸಿಗೆ ಲೀಡರು. ಎಲ್ಲದಕ್ಕೂ ಮನೆಗೆ ಹೋಗ್ತಾ ಕೂತರೆ ಮಿಕ್ಕ 19 ಮಕ್ಕಳ ಗತಿ? ಜ್ವರ ಬಂದಿರಬಹುದು ಅಷ್ಟೇ. ಆ ಮಳೆಯಲ್ಲಿ ನೆನೆದಿದ್ದಾಳೆ ಅಲ್ವಾ.

ಸುರತ್ಕಲ್_ವೈರಿಂಗ್ (ಶನಿವಾರ, ಬೆಳಿಗ್ಗೆ 6:05)

ಟೀಚರ್, ನಾನು ಬಾದಾಮಿ ಕಡೆಯವನು. 2003ರಲ್ಲಿ ಐದನೇ ಕ್ಲಾಸಿಗೆ ಈ ಕಡೆ ಬಂದೆ. ಅಪ್ಪ ಅಮ್ಮ ರಸ್ತೆ ಕೆಲಸಕ್ಕೆ ಬಂದಿದ್ದರು. ಈಗ ಮೂವತ್ತು ದಾಟಿತು, ವೈರಿಂಗ್ ಕಾಂಟ್ರಾಕ್ಟ್ ಮಾಡುತ್ತೇನೆ. ನಿಮ್ಮ ಪೋಸ್ಟ್ ರಾತ್ರಿಯೇ ಓದಿದೆ, ಬರೆಯಲು ಆಗಲಿಲ್ಲ.

ನಮ್ಮ ಸರ್ ಕೂಡ ನಿಮ್ಮ ಹಾಗೆ ಒಳ್ಳೆಯವರೇ. ಮಕ್ಕಳ ದಿನಾಚರಣೆಗೆ ನನ್ನನ್ನು ಸ್ಟೇಜಿಗೆ ಹತ್ತಿಸಿ ನಿಮ್ಮೂರಿನ ಮಾತಲ್ಲಿ ಎರಡು ಮಾತಾಡು ಅಂದರು. ಮಾತಾಡಿದೆ. ಬಹಳ ಚಪ್ಪಾಳೆ. ಅಲ್ಲಿಯವರೆಗೆ ನಾಲ್ಕು ಹುಡುಗರು ಮಾತ್ರ ನಗುತ್ತಿದ್ದರು. ಆಮೇಲೆ ಇಡೀ ಶಾಲೆಗೆ ನಾನು ಆ ಮಾತಿನ ಹುಡುಗ ಅಂತಾದೆ. ಮೂರನೇ ಕ್ಲಾಸಿನ ಚಿಕ್ಕ ಮಕ್ಕಳೂ ಬಂದು "ಏನಾದರೂ ಮಾತಾಡು" ಅನ್ನುತ್ತಿದ್ದರು. ಹಠ ಹಿಡಿದು ತುಳು ಕಲಿತೆ. ಅಮ್ಮ ಕರೆದರೂ ತುಳುವಿನಲ್ಲೇ "ದಾನೆ" ಅನ್ನುತ್ತಿದ್ದೆ. ಅವ್ವನಿಗೆ ಅರ್ಥ ಆಗುತ್ತಿರಲಿಲ್ಲ. ಈಗ ನೆನೆದರೆ ಹೊಟ್ಟೆಯೊಳಗೆ ಒಂಥರಾ ಆಗುತ್ತದೆ.

ಆ ಬಾಗಲಕೋಟೆ ಹುಡುಗನಿಗೆ ಬೈಯಬೇಡಿ. ಆರನೇ ಕ್ಲಾಸಿಗೆ ಗದಗಿನಿಂದ ಒಬ್ಬ ಬಂದಿದ್ದ, ಅವನನ್ನು ನೋಡಿ ಮೊದಲು ನಕ್ಕವನು ನಾನೇ. ಅವನು ಒಂದೊಂದು ಮಾತು ಆಡಿದಾಗಲೂ ಎಲ್ಲರೂ ನನ್ನ ಕಡೆ ತಿರುಗುತ್ತಾರೆ ಅಂತ ಹೆದರಿಕೆ. ಅಷ್ಟೇ ಕಾರಣ, ಬೇರೆ ಏನೂ ಇಲ್ಲ.

ನನಗೆ ಉಪಯೋಗಕ್ಕೆ ಬಂದದ್ದು ಬೇರೆ. ಪಿಟಿ ಸರ್ ಒಬ್ಬರು ಬೆಲ್ ಹೊಡೆಯುವ ಕೆಲಸ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ, ಯಾರಿಗೂ ಪರಿಚಯ ಮಾಡಿಸಲಿಲ್ಲ. "ನಾಳೆಯಿಂದ ನೀನು" ಅಂದರು, ಹೋದರು. ಊಟದ ಬೆಲ್ಲಿಗೆ ಎರಡು ನಿಮಿಷ ಇರುವಾಗ ಇಡೀ ಕ್ಲಾಸು ನನ್ನ ಮುಖ ನೋಡುತ್ತಿತ್ತು. ನಿಮ್ಮ ಹುಡುಗಿಗೂ ಏನಾದರೂ ಕೆಲಸ ಕೊಡಿ. ಎದುರಿಗೆ ಮಾತ್ರ ನಿಲ್ಲಿಸಬೇಡಿ.

@ಮೈಸೂರಪ್ಪ ಅವರೇ, ಎರಡು ವಾರದಲ್ಲಿ ನಗುವುದು ನಿಲ್ಲುತ್ತದೆ, ಹೌದು. ಯಾಕೆ ಅಂದರೆ ಅಷ್ಟರಲ್ಲಿ ನಾವು ಮಾತಾಡುವುದನ್ನು ನಿಲ್ಲಿಸಿರುತ್ತೇವೆ.

ಕುಷ್ಟಗಿ_ಮಾಸ್ತರ (ಶನಿವಾರ, ಬೆಳಿಗ್ಗೆ 7:30)

ನಮಸ್ಕಾರ್ರಿ ಟೀಚರ್. ನಾನು ಇದೇ ತಾಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಇದ್ದೇನೆ. ನಿಮ್ಮ ಹುಡುಗಿ ನಮ್ಮ ಶಾಲೆಯವಳಲ್ಲ, ಆದರೆ ನಮ್ಮ ಶಾಲೆಯಿಂದಲೂ ಇಂಥವರು ಪ್ರತಿ ವರ್ಷ ಹೋಗುತ್ತಾರೆ. ಇದಕ್ಕೆ ನಮ್ಮಲ್ಲಿ ಗುಳೆ ಅಂತಾರೆ. ಸಾಮಾನ್ಯವಾಗಿ ಗುಳೆ ಹೋಗುವುದು ದೀಪಾವಳಿ ಆದಮೇಲೆ. ಸುಗ್ಗಿ ಮುಗಿದು ಊರಲ್ಲಿ ಕೆಲಸ ಇರುವುದಿಲ್ಲ. ಆಗ ನನ್ನ ಕ್ಲಾಸಿನಲ್ಲಿ ಹಾಜರಿ ಕರೆಯಲು ಬೇಜಾರು. ಯುಗಾದಿಗೆ ತಿರುಗಿ ಬರುತ್ತಾರೆ, ಮಳೆ ಬಿದ್ದರೆ ಸಜ್ಜಿ, ಹೆಸರು ಬಿತ್ತುತ್ತಾರೆ. ಬಿತ್ತುವ ಹೊತ್ತಿನಲ್ಲೇ ಊರು ಬಿಟ್ಟಿದ್ದಾರೆ ಅಂದರೆ ಬಿತ್ತಲು ಹೊಲ ಇಲ್ಲ, ಅಥವಾ ತೀರಿಸಬೇಕಾದ್ದು ಬಕ್ಕಳ ಇದೆ. ಆ ಹುಡುಗಿಗೆ ಉದ್ರಿ ಲೆಕ್ಕ ಅಷ್ಟು ಚಲೋ ಬಂದಿದ್ದು ಸುಮ್ನೆ ಅಲ್ಲ ನೋಡ್ರಿ. ಅವರ ಮನೆಗೆ ಹೋದಾಗ ಆ ಉದಾಹರಣೆ ತೆಗೆಯಬೇಡಿ.

ಇನ್ನೊಂದು ಮಾತು. ನಮ್ಮಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 600 ಮಿಲಿಮೀಟರ್, ಅದೂ ದೇವರು ಕೊಟ್ಟರೆ. ನಿಮ್ಮ ಜಿಲ್ಲೆಯಲ್ಲಿ 4000ದ ಹತ್ತಿರ. ಅವಳಿಗೆ ಮಳೆ ಅಂದರೆ ಹಬ್ಬ. ಮಳೆ ಬಂತು ಅಂತ ಸಾಲಿ ಸೂಟಿ ಕೊಡುತ್ತಾರೆ ಅಂದರೆ ಅವಳಿಗೆ ನಂಬಿಕೆಯೇ ಬರಲಿಕ್ಕಿಲ್ಲ. ಮೊಬೈಲಿಗೆ ಸುದ್ದಿ ಬಂದಿದ್ದರೂ ಬರುತ್ತಿದ್ದಳೇನೋ.

ನಿಮ್ಮ ಹೆಡ್ ಟೀಚರ್ ಹತ್ತಿರ ಊರ ಹೆಸರು ಕೇಳಿ ನನಗೆ ಖಾಸಗಿ ಮೆಸೇಜ್ ಹಾಕಿ. ಟಿಸಿ ಕೆಲಸ ನಾನು ಮಾಡಿಸುತ್ತೇನೆ.

ಜಗಲಿ_ಟೀಚರ್ (ಶನಿವಾರ, ಸಂಜೆ 7:20)

ಹೋಗಿ ಬಂದೆ. ಬರಿಗೈಯಲ್ಲೇ ಹೋದೆ ಹೆಡ್‌ಮಾಸ್ಟ್ರೇ, ಆದರೂ ಚಹಾ ಮಾಡಿದರು. ಹಾಲಿಲ್ಲದ ಚಹಾ, ಬೆಲ್ಲ ಜಾಸ್ತಿ. ಎರಡು ಲೋಟ ಕುಡಿದೆ.

ಮೊನ್ನೆಯಿಂದ ನಾನು ನಿದ್ದೆ ಬಿಟ್ಟು ನನ್ನ ತಪ್ಪು, ನನ್ನ ತಪ್ಪು ಅಂತ ಹೊರಳಾಡಿದ್ದೆ ಅಲ್ವಾ. ಕಾರಣ ಅದಲ್ಲ. ತಗಡಿನ ಶೆಡ್ಡಿನ ಒಳಗೆ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿದ್ದಾರೆ, ಅದರ ಮೇಲೆ ಅವಳ ಯೂನಿಫಾರ್ಮ್. ಮುಟ್ಟಿ ನೋಡಿದೆ. ನೆರಿಗೆ, ಸೊಂಟದ ಪಟ್ಟಿ ಇನ್ನೂ ಒದ್ದೆ, ಮುಗ್ಗು ವಾಸನೆ. ಇರುವುದು ಒಂದೇ ಜೊತೆ, ಹಳೇ ಶಾಲೆಯದ್ದು. ಗುರುವಾರ ತೊಯ್ದದ್ದು ಶನಿವಾರವೂ ಒಣಗಿಲ್ಲ. "ನಮ್ಮಲ್ಲಿ ಹಗ್ಗದ ಮ್ಯಾಲ ಒಗದು ತಿರಗೂದ್ರಾಗ ಒಣಗತೈತ್ರಿ. ಇಲ್ಲಿ ಬಟ್ಟಿಗೆ ಏನ್ ಆಗೈತ್ರಿ?" ಅಂತ ಅಮ್ಮ ಕೇಳಿದರು. ಬಣ್ಣದ ಬಟ್ಟೆ ಹಾಕಿಕೊಂಡು ಬಂದರೆ ಬೈಯುತ್ತಾರೆ ಅಂತ ಹುಡುಗಿ ಮನೆಯಲ್ಲಿ ಕೂತಿದ್ದಾಳೆ. ಜ್ವರವೂ ಇಲ್ಲ, ಏನೂ ಇಲ್ಲ. ಗಟ್ಟಿಮುಟ್ಟಾಗಿ ಕೂತು ಈರುಳ್ಳಿ ಹೆಚ್ಚುತ್ತಿದ್ದಳು.

ಇಲ್ಲಿಯವರಿಗೆ ಹೇಳಬೇಕಾಗಿಲ್ಲ, ಜೂನ್ ಬಂತು ಅಂದರೆ ನಾವು ಬಟ್ಟೆಯನ್ನು ಬಚ್ಚಲ ಒಲೆಯ ಮೇಲಿನ ಹಗ್ಗಕ್ಕೆ ಹಾಕುತ್ತೇವೆ. ಹೊಸಬರಿಗೆ ಇದನ್ನು ಯಾರು ಹೇಳಬೇಕು? ಅವರಲ್ಲಿ ಇರುವುದು ಚಿಕ್ಕ ಗ್ಯಾಸ್ ಒಲೆ. ಯೂನಿಫಾರ್ಮನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಶಾಲೆ ಎದುರಿನ ಅಜ್ಜಿಯ ಮನೆಗೆ ಹೋದೆವು, ಹುಡುಗಿಯೂ ಬಂದಳು. ಅಜ್ಜಿ ಹಂಡೆಯ ಒಲೆಗೆ ಎರಡು ತೆಂಗಿನ ಮಡಲು ಜಾಸ್ತಿ ತುರುಕಿದರು. ಸಂಜೆಯೊಳಗೆ ಒಣಗಿತು. ಹೊಗೆ ವಾಸನೆ ಬರುತ್ತದೆ, ಅದಕ್ಕೆ ತೊಂದರೆ ಇಲ್ಲ. ಮಳೆಗಾಲದಲ್ಲಿ ನನ್ನ ಸೀರೆಯೂ ಅದೇ ವಾಸನೆ.

ಬುಧವಾರದ್ದು ನಾನೇ ಎತ್ತಿದೆ. "ನಿನ್ನನ್ನು ಹಾಗೆ ಎದುರಿಗೆ ನಿಲ್ಲಿಸಬಾರದಿತ್ತು" ಅಂದೆ. "ಯಾವಾಗ್ರಿ?" ಅಂದಳು. ನಿಜವಾಗಿ ಮರೆತಿದ್ದಾಳಾ, ನನ್ನ ಮರ್ಯಾದೆ ಉಳಿಸಿದಳಾ, ಗೊತ್ತಾಗಲಿಲ್ಲ. ಉದ್ರಿ ಸುದ್ದಿ ಎತ್ತಲಿಲ್ಲ ಮಾಸ್ತರ್ರೇ, ಒಳ್ಳೆಯದಾಯಿತು ನೀವು ಹೇಳಿದ್ದು. ಗೋಡೆಗೆ ಕ್ಯಾಲೆಂಡರ್ ತೂಗುಹಾಕಿದ್ದರು. ಅದರಲ್ಲಿ ಎಷ್ಟು ದಿನ ಕೆಲಸ ಆಯಿತು, ಎಷ್ಟು ಮುರಿದುಕೊಂಡರು ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಅಕ್ಷರ ಅವಳದ್ದೇ.

ಅಜ್ಜಿ ಮನೆಯಿಂದ ಹೊರಡುವಾಗ ಗೇಟಿನ ಹತ್ತಿರ ನಿಂತು ಕೇಳಿದಳು: "ಅಕ್ಕೋರ್ರಿ, ಬಲ ಅಂದ್ರ ಏನ್ರಿ?"

ಸೋಮವಾರದಿಂದ ಅದನ್ನೇ ಇಟ್ಟುಕೊಂಡು ಕೂತಿದ್ದಾಳೆ. ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಎಷ್ಟು ನಕ್ಕಳು ಅಂದರೆ ಅಜ್ಜಿ ಒಳಗಿನಿಂದ ಏನಾಯಿತು ಅಂತ ಓಡಿ ಬಂದರು.

ಮೈಸೂರಪ್ಪ (ಶನಿವಾರ, ರಾತ್ರಿ 8:45)

ಜ್ವರ ಅಂದಿದ್ದೆ, ಒದ್ದೆ ಬಟ್ಟೆ ಆಯ್ತು. ನಾನು ಅರ್ಧ ಸರಿ ಅಂತ ಇಟ್ಕೊಳ್ಳಿ ಮೇಡಂ :) ಸುರತ್ಕಲ್ ಅವರೇ, ನಿಮ್ಮ ಕೊನೇ ಸಾಲು ಓದಿ ಮಗನನ್ನ ಕೇಳಿದೆ. ಅವನು ಹೇಳಿದ್ದನ್ನ ಇಲ್ಲಿ ಬರೆಯೋದಿಲ್ಲ. ಕೇಳಿದ್ದು ಒಳ್ಳೇದಾಯ್ತು. ಮೇಡಂ, ಕೆಲಸ ಏನು ಕೊಡ್ತೀರಿ ಅಂತ ಹೇಳಿ.

ಜಗಲಿ_ಟೀಚರ್ (ಮುಂದಿನ ಗುರುವಾರ, ಸಂಜೆ 6:30)

ಕೆಲಸ ಕೊಟ್ಟೆ. ಮಾಸ್ತರರು ಬರೆದ 600 ಮತ್ತು 4000 ತಲೆಯಲ್ಲೇ ಉಳಿದಿತ್ತು. ಹೇಗೂ ಮುಂದೆ ದತ್ತಾಂಶದ ಪಾಠದಲ್ಲಿ ಸ್ತಂಭಾಲೇಖ ಬರುತ್ತದೆ. ಮಳೆ ಅಳೆಯುವಾ ಅಂತ ಮಾಡಿದೆ.

ಮಾಡುವುದು ಸುಲಭ, ಯಾರಾದರೂ ಟೀಚರ್‌ಗಳು ಇದ್ದರೆ ಮಾಡಿ ನೋಡಿ. ಎರಡು ಲೀಟರಿನ ಬಾಟ್ಲಿ, ನೇರ ಮೈಯದ್ದು ಬೇಕು, ಸೊಂಟ ಇರುವುದು ಆಗುವುದಿಲ್ಲ. ಮೇಲಿನ ಭಾಗ ಕತ್ತರಿಸಿ ಅದನ್ನೇ ತಲೆಕೆಳಗೆ ಆಲಿಕೆಯ ಹಾಗೆ ಇಡಬೇಕು. ಬುಡ ಡೊಂಕಾಗಿರುತ್ತದೆ, ಅದಕ್ಕೆ ಸ್ವಲ್ಪ ಕಲ್ಲು ಹಾಕಿ ನೇರ ಶುರುವಾಗುವಲ್ಲಿಯವರೆಗೆ ನೀರು ತುಂಬಬೇಕು. ಅದು ಸೊನ್ನೆ. ಅಲ್ಲಿಂದ ಮೇಲೆ ಸ್ಕೇಲ್ ಅಂಟಿಸಬೇಕು. ಎಷ್ಟು ಎತ್ತರ ನೀರು ನಿಂತಿತೋ ಅಷ್ಟು ಮಿಲಿಮೀಟರ್ ಮಳೆ. ಬಾಟ್ಲಿ ಸಪೂರ ಇರಲಿ, ದಪ್ಪ ಇರಲಿ, ಉತ್ತರ ಒಂದೇ. ಇದನ್ನು ಮಕ್ಕಳು ನಂಬಲಿಲ್ಲ. ಎರಡು ಬೇರೆ ಬೇರೆ ಬಾಟ್ಲಿ ಇಟ್ಟು ನೋಡಿದ ಮೇಲೆ ನಂಬಿದರು.

ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ನಾವೂ ಅದೇ ಹೊತ್ತಿಗೆ ಅಳೆಯಬೇಕು. ಆದರೆ ಅಷ್ಟು ಬೇಗ ಬರುವವರು ಯಾರು? ಇವಳ ಅಮ್ಮ ಎಂಟಕ್ಕೆ ಕೆಲಸಕ್ಕೆ ಹೋಗಬೇಕು, ಹಾಗಾಗಿ ಇವಳು ಹೇಗೂ ಎಲ್ಲರಿಗಿಂತ ಮೊದಲು ಬಂದು ಜಗಲಿಯಲ್ಲಿ ಇರುತ್ತಾಳೆ. "ನಾಳೆಯಿಂದ ನೀನು" ಅಂದೆ, ಸುರತ್ಕಲ್‌ನವರ ಪಿಟಿ ಸರ್ ಹಾಗೆ. ಜೊತೆಗೆ ಒಬ್ಬರು ಬೇಕು, ಓದಿದ್ದು ಸರಿಯಾ ಅಂತ ನೋಡಲು. ಶಾಲೆಗೆ ಹತ್ತಿರದ ಮನೆ ಬಾಗಲಕೋಟೆಯವನದ್ದು. ಅವನಿಗೆ ಬೈಯಲಿಲ್ಲ, ಈ ಕೆಲಸ ಹಚ್ಚಿದೆ. ಮುಖ ಸಿಂಡರಿಸಿದ.

ಮಂಗಳವಾರ, ಬುಧವಾರ ಇಬ್ಬರೂ ಮಾತಿಲ್ಲದೆ ಓದಿ, ಮಾತಿಲ್ಲದೆ ಬೋರ್ಡಿನ ಮೂಲೆಯಲ್ಲಿ ಬರೆದರು.

ಇವತ್ತು ಜಗಳ. ನಾನು ಬರುವಾಗಲೇ ಜಗಲಿಯಲ್ಲಿ ಏಳೆಂಟು ಮಕ್ಕಳು ಸುತ್ತ ನಿಂತಿದ್ದರು. ಇವಳು 62 ಅನ್ನುತ್ತಾಳೆ, ಅವನು 65 ಅನ್ನುತ್ತಾನೆ. ಅವನು ನಿಂತುಕೊಂಡು ಮೇಲಿನಿಂದ ನೋಡಿದ್ದಾನೆ, ಇವಳು ನೆಲಕ್ಕೆ ಮೊಣಕಾಲೂರಿ ಕಣ್ಣನ್ನು ನೀರಿನ ಮಟ್ಟಕ್ಕೆ ಇಟ್ಟಿದ್ದಾಳೆ. 64.5 ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರೀ ಮಳೆ. ಹಾಗಾಗಿ 62 ಮತ್ತು 65ರ ನಡುವೆ ಮಕ್ಕಳಿಗೆ ದೊಡ್ಡ ವ್ಯವಹಾರವೇ ಇತ್ತು. ಭಾರೀ ಮಳೆ ಅಂದರೆ ರಜೆ ಸಿಗಬಹುದು ಅಂತ ಅರ್ಧ ಜನ ಅವನ ಕಡೆ. ಇವಳು ಬಿಡಲೊಲ್ಲಳು. "ಕೆಳಗ ಕುಂತ ನೋಡ, ಮ್ಯಾಲಿಂದ ಏನ್ ಕಾಣತೈತಿ ನಿನಗ?" ಅಂದಳು. ಅವನು ರೇಗಿ ಕೂತು, ಒಂದು ಕಣ್ಣು ಮುಚ್ಚಿ, "ಏ, ಸರೀಗಿ ನೋಡೀನಿ ನಾ! ಅರವತ್ತೆರಡ ಎಲ್ಲೈತಿ ತೋರ್ಸು ಹಂಗಾರ!" ಅಂದ.

ಏಳು ವರ್ಷದಲ್ಲಿ ಆ ಹುಡುಗನ ಬಾಯಿಯಿಂದ ಈ ಶಾಲೆಯಲ್ಲಿ ಆ ಮಾತು ಯಾರೂ ಕೇಳಿರಲಿಕ್ಕಿಲ್ಲ. ಹೇಳಿದ ಮೇಲೆ ಅವನ ಕಿವಿ ಕೆಂಪಾಯಿತು, ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ. ಎಲ್ಲರ ತಲೆ ಬಾಟ್ಲಿಯ ಸುತ್ತ ಇತ್ತು. ಬ್ಯಾರಿ ಹುಡುಗಿ ಒಬ್ಬಳು ಮಲಗಿಯೇ ಬಿಟ್ಟಿದ್ದಳು, ನೀರಿನ ಮಟ್ಟ ನೋಡಲು. "62 ಟೀಚರ್, 62" ಅಂದಳು ಅಲ್ಲಿಂದಲೇ.

ನಾನು ಚಪ್ಪಾಳೆ ಹೊಡೆಸಲಿಲ್ಲ. ಹಾಜರಿ ಪುಸ್ತಕ ತರಲು ಒಳಗೆ ಹೋದೆ.

ಇವಳ ಹೆಸರಿಗೆ ಸಮವಸ್ತ್ರ ಇನ್ನೂ ಬಂದಿಲ್ಲ. ಕಳೆದ ವರ್ಷ ಏಳನೇ ಮುಗಿಸಿ ಹೋದ ಒಬ್ಬಳದ್ದು ಒಂದು ಜೊತೆ ಸಿಕ್ಕಿತು, ಉದ್ದ ಸ್ವಲ್ಪ ಜಾಸ್ತಿ. ಕುಷ್ಟಗಿ ಮಾಸ್ತರ್ರೇ, ಊರ ಹೆಸರು ಮೆಸೇಜ್ ಮಾಡಿದ್ದೇನೆ. ಮತ್ತೆ, ಅವಳು ನಿಮ್ಮನ್ನು ಒಂದು ಕೇಳಲು ಹೇಳಿದ್ದಾಳೆ: ಅಲ್ಲಿ ಈ ವಾರ ಮಳೆ ಎಷ್ಟು?

ಕುಷ್ಟಗಿ_ಮಾಸ್ತರ (ಗುರುವಾರ, ರಾತ್ರಿ 8:10)

62 ಅಂದರೆ ನಮ್ಮ ವರ್ಷದ ಮಳೆಯ ಹತ್ತನೇ ಒಂದು ಭಾಗ, ಒಂದೇ ದಿನಕ್ಕೆ! ನಮ್ಮ ಮಕ್ಕಳಿಗೆ ಹೇಳಿದರೆ ಸುಳ್ಳು ಅಂತಾರೆ.

ಟಿಸಿ ಸೋಮವಾರ ಪೋಸ್ಟಿಗೆ ಹಾಕುತ್ತಾರೆ, ಆ ಶಾಲೆಯ ಹೆಡ್‌ಮಾಸ್ತರ ಹತ್ತಿರ ಮಾತಾಡಿದೆ.

ಆಕಿಗೆ ಹೇಳ್ರಿ, ಮೋಡ ಅದಾವ, ಹನಿ ಇಲ್ಲ. ನಾಳೆ ನಾವೂ ಒಂದು ಬಾಟ್ಲಿ ಇಡ್ತೀವಿ.